ಮಾವನ ಇಡ್ಲಿ ಲೆಕ್ಕ

ನಮ್ಮ ಸೋದರಮಾವನಿಗೆ ಮೊನ್ನೆ ಸಾವಿರ ವರ್ಷ ತುಂಬಿತು. ನಗಬೇಡಿ! ನಮ್ಮ ನಿಮ್ಮ ಅರವತ್ತನಾಲ್ಕು ಅವರಿಗೆ ಸಾವಿರ.

ಕಾರ್ಖಾನೆಯಿಂದ ನಿವೃತ್ತರಾಗಿ ಊರಿಗಾಂನ ನಮ್ಮ ಮನೆಗೆ ಬಂದವರು ಮಾಡಿದ ಮೊದಲ ಕೆಲಸ, ನನ್ನ ಇಡ್ಲಿ ಸ್ಟ್ಯಾಂಡನ್ನು ದಿಟ್ಟಿಸಿ ನೋಡಿದ್ದು. ತಟ್ಟೆಗೆ ನಾಲ್ಕು ಗುಳಿ, ಒಟ್ಟು ನಾಲ್ಕು ತಟ್ಟೆ. ಒಂದು ತಟ್ಟೆ ತುಂಬಿದರೆ ಅದೇ ಹತ್ತಂತೆ, ನಾಲ್ಕೂ ತುಂಬಿದರೆ ನೂರಂತೆ, ಅಂಥ ನಾಲ್ಕು ಸ್ಟ್ಯಾಂಡಾದರೆ ಸಾವಿರವಂತೆ! ಬೆರಳು ಹತ್ತಿವೆ ಅಂತ ಲೆಕ್ಕವೂ ಹತ್ತರಲ್ಲೇ ಯಾಕಿರಬೇಕು ಎನ್ನುವುದು ಅವರ ವಾದ. ಯಾಕಿರಬೇಕು ಅಂದರೆ, ಉಳಿದವರು ಬದುಕಬೇಡವೇ?

ಒಮ್ಮೆ ಬಂಗಾರಪೇಟೆಯಿಂದ ಫೋನ್ ಮಾಡಿ, ಇಪ್ಪತ್ತು ಜನರನ್ನು ತಿಂಡಿಗೆ ಕರೆತರುತ್ತೇನೆ ಎಂದರು. ರಟ್ಟೆ ಬೀಳುವಂತೆ ಹಿಟ್ಟು ರುಬ್ಬಿದೆ. ಬಂದವರು ಎಂಟು ಜನ. ಇಪ್ಪತ್ತು ಅಂದ್ರೆ ಎರಡು ತಟ್ಟೆ, ನಿಮ್ಮ ಲೆಕ್ಕದಲ್ಲಿ ಎಂಟಲ್ವಾ ಎಂದು ನನ್ನನ್ನೇ ಕೇಳಿದರು! ಮೂರು ದಿನ ಮೂರು ಹೊತ್ತೂ ಇಡ್ಲಿ ತಿಂದೆವು.

ಮಗಳಿಗೆ ಮಗ್ಗಿ ಕಲಿಸಿದ್ದೂ ಇವರೇ. ಎರಡು ಮೂರ್ಲೆ ಹನ್ನೆರಡು ಎಂದು ಬರೆದು ಸೊನ್ನೆ ತಂದಳು. ಟೀಚರ್ ನನ್ನನ್ನು ಕರೆಸಿ ಮಂಗಳಾರತಿ ಎತ್ತಿದರು. ಒಂದು ತಟ್ಟೆ, ಮೇಲೆರಡು ಇಡ್ಲಿ ಎಂದು ಅವರಿಗೆ ಹೇಗೆ ಹೇಳಲಿ? ಮನೆಗೆ ಬಂದು, ಇನ್ನೊಂದು ಸಲ ಈ ಲೆಕ್ಕ ಎತ್ತಿದರೆ ಸ್ಟ್ಯಾಂಡನ್ನೇ ಗುಜರಿಗೆ ಹಾಕುತ್ತೇನೆಂದು ರೇಗಿದೆ.

ಹೋದ ವಾರ ಬಂಗಾರಪೇಟೆಯಲ್ಲಿ ರೈಲಿಳಿಯುವಾಗ ಮಾವ ಜಾರಿ ಬಿದ್ದರು. ತಲೆಗೆ ಪೆಟ್ಟು. ಆಸ್ಪತ್ರೆಗೆ ಓಡಿದೆ. ಕಣ್ಣು ಬಿಟ್ಟವರನ್ನು ಡಾಕ್ಟರು, ಮೂರು ಮೂರ್ಲೆ ಎಷ್ಟು ಎಂದು ಕೇಳಿದರು.

"ಇಪ್ಪತ್ತೊಂದು," ಎಂದರು ಮಾವ.

ಡಾಕ್ಟರ ಮುಖ ಸಪ್ಪಗಾಯಿತು. ಮೆದುಳಿಗೇ ಪೆಟ್ಟಾಗಿರಬಹುದು, ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ನಾನು ಬೆರಳು ಮಡಿಸತೊಡಗಿದೆ. ಎರಡು ತಟ್ಟೆ ಎಂಟು, ಮೇಲೊಂದು... ಒಂಬತ್ತು! ಆದರೂ ಬಾಯಿಗೆ ಬಂದದ್ದನ್ನು ಹೇಳಿದ್ದರೆ?

"ಮಾವ, ಆ ಇಪ್ಪತ್ತೊಂದು ಇಡ್ಲೀನ ನಮ್ಮಿಬ್ರಿಗೆ ಹಂಚಿದ್ರೆ?"

"ತಲೆಗೆ ಹತ್ತು. ಒಂದು ಉಳೀತದೆ."

ಇಬ್ಬರಿಗೂ ನಾಲ್ಕು ನಾಲ್ಕು, ಉಳಿದದ್ದು ಒಂದು. ಸರಿಯಾಗಿತ್ತು! ಇಷ್ಟು ವರ್ಷ ಬೈದ ಲೆಕ್ಕ ತಾಳೆಯಾಯಿತೆಂದು ಡಾಕ್ಟರ ಎದುರೇ ಗಳಗಳನೆ ಅತ್ತುಬಿಟ್ಟೆ. ಮಾವ ನನ್ನ ಕೈ ಹಿಡಿದುಕೊಂಡರು.

"ಅಳ್ಬ್ಯಾಡ ಕಣಮ್ಮಿ. ಆ ಉಳಿದಿದ್ದು ನೀನೇ ತಿನ್ನು. ಬೆಳಗ್ಗಿಂದ ಏನೂ ತಿಂದಿಲ್ಲ ನೀನು."