ತಲಾ ಒಂದೇ ಸಲ

ಹೊಸದೊಂದು ಹೆಸರು ಹುಟ್ಟಿಸಲು ಬೇಜಾರಾಗಿ ಕುಬಾತ್ ತನ್ನ ದೊಡ್ಡಪ್ಪನ ಹೆಸರನ್ನೇ ಬರೆದುಬಿಟ್ಟ. ಆಮೇಲೆ ನಡೆದದ್ದಕ್ಕೆಲ್ಲ ಇಷ್ಟೇ ಕಾರಣ.

ಬಿಶ್ಕೆಕ್‌ನ ಓಷ್ ಬಜಾರಿನ ಹಿಂದಿನ ಬೀದಿಯಲ್ಲಿ, ಮೂರನೆಯ ಮಹಡಿಯಲ್ಲಿ ಅವನ ಕಚೇರಿ. ಆರು ಮಂದಿ ಕೂತು ಬಂಧುಬಳಗಕ್ಕೆ ಸುದ್ದಿ ಮುಟ್ಟಿಸುವ ಒಂದು ಆ್ಯಪ್ ಕಟ್ಟುತ್ತಿದ್ದರು. ಮದುವೆ, ತೊಟ್ಟಿಲು, ಸಾವು, ಏನೇ ಆಗಲಿ, ಗುಂಡಿ ಒತ್ತಿದರೆ ಬಳಗದವರೆಲ್ಲರ ಫೋನಿಗೆ ಸಂದೇಶ ಹೋಗಬೇಕು. ಒಬ್ಬರಿಗೂ ತಪ್ಪಬಾರದು, ಒಬ್ಬರಿಗೂ ಎರಡು ಸಲ ಹೋಗಬಾರದು. ಸಾವಿನ ಸುದ್ದಿ ತನಗೆ ಮುಟ್ಟಲಿಲ್ಲವೆಂದು ಇಪ್ಪತ್ತು ವರ್ಷ ಮಾತು ಬಿಟ್ಟ ದಾಯಾದಿಗಳು ನಮ್ಮಲ್ಲಿ ಬೀದಿಗೆ ಇಬ್ಬರಂತೆ ಸಿಗುತ್ತಾರೆ.

ಕೋಡ್ ಸರಿಯಾಗಿದೆಯೇ ಎಂದು ನೋಡಲು ಪ್ರತಿ ಸಲ ಜನರಿಗೆ ನಿಜವಾಗಿ ಸಂದೇಶ ಕಳುಹಿಸಲಾದೀತೇ? ಅದಕ್ಕೆ ಪರೀಕ್ಷೆಯ ಹೊತ್ತಿನಲ್ಲಿ, ಸಂದೇಶ ಕಳುಹಿಸುವ ಯಂತ್ರದ ಜಾಗದಲ್ಲಿ ಒಂದು ಗೊಂಬೆಯನ್ನು ಕೂರಿಸುತ್ತಾರೆ. ಓದಿದವರು ಅದನ್ನು ಮಾಕ್ ಎನ್ನುತ್ತಾರೆ, ಈ ಕಚೇರಿಯಲ್ಲಿ ಗೊಂಬೆ ಅಂತಲೇ ರೂಢಿ. ಗೊಂಬೆಗೆ ‘ಕಳುಹಿಸು’ ಎಂದರೆ ಹೂಂ ಎನ್ನುತ್ತದೆ, ಕಳುಹಿಸುವುದಿಲ್ಲ. ಯಾರ ಸಂಖ್ಯೆಗೆ, ಎಷ್ಟು ಸಲ ಹಾಗೆ ಹೇಳಿದರು ಎಂದು ಎಣಿಸಿಟ್ಟುಕೊಂಡು, ಕೊನೆಗೆ ಕೇಳಿದಾಗ ಹೇಳುತ್ತದೆ. ಅದರ ಜನ್ಮಕ್ಕೆ ಅದೊಂದೇ ಕೆಲಸ.

ಆ ಗುರುವಾರ ಬೆಳಿಗ್ಗೆ ಕುಬಾತ್‌ಗೆ ಸಾವಿನ ಸಂದೇಶದ ಪರೀಕ್ಷೆ ಬರೆಯುವ ಸರದಿ. ಒಂದಷ್ಟು ಸಂಖ್ಯೆಗಳು ಬೇಕಿದ್ದವು. ಸುಳ್ಳು ಸಂಖ್ಯೆಗಳನ್ನು ಹೊಸೆಯುತ್ತ ಕೂರುವವರು ಯಾರು ಎಂದು ತನ್ನ ಬಳಗದ ನಲವತ್ತಮೂರು ಸಂಖ್ಯೆಗಳನ್ನು ತಂದು ಸುರಿದ. ಸತ್ತವರ ಹೆಸರು ಬೇಕಿತ್ತು. ಪಟ್ಟಿಯಲ್ಲಿ ಮೊದಲಿಗೆ ಸಾತಿಬಾಲ್ದಿ ಎಂದಿತ್ತು, ಅದನ್ನೇ ಹಾಕಿದ. ಹುಟ್ಟಿದ ವರ್ಷದ ಜಾಗದಲ್ಲಿ ೧೯೦೦ ಎಂದು ಒತ್ತಿ ಪರೀಕ್ಷೆಯನ್ನು ಓಡಿಸಿದ. ಪರದೆಯ ಮೇಲೆ ಹಸಿರು ಅಕ್ಷರಗಳು ಬಂದವು: ‘ಕಳುಹಿಸು: ನಲವತ್ತಮೂರು ಸಲ. ಪ್ರತಿ ಸಂಖ್ಯೆಗೆ ಒಂದೇ ಸಲ.’

ಕುಬಾತ್ ಸಂತೋಷದಿಂದ ಚಹಾ ಕುಡಿದು ಬಂದ. ಕೂತವನು ಸುಮ್ಮನೆ ತನ್ನ ಕೋಡಿನ ಮೇಲೆ ಕಣ್ಣಾಡಿಸಿದ. ಗೊಂಬೆಯನ್ನು ಕೂರಿಸುವ ಸಾಲು ಅಲ್ಲಿರಲಿಲ್ಲ. ಮೇಲಿಂದ ಕೆಳಕ್ಕೆ ನೋಡಿದ, ಕೆಳಗಿಂದ ಮೇಲಕ್ಕೆ ನೋಡಿದ. ನಿನ್ನೆ ಸಂಜೆ ಇದ್ದ ಸಾಲು ಇವತ್ತು ಇಲ್ಲ.

ಗೊಂಬೆ ಇಲ್ಲವೆಂದರೆ ನಿಜವಾದ ಯಂತ್ರ. ನಿಜವಾದ ಯಂತ್ರವೆಂದರೆ ನಲವತ್ತಮೂರು ಮನೆಗಳಿಗೆ ದೊಡ್ಡಪ್ಪನ ಸಾವಿನ ಸುದ್ದಿ ಹೋಗಿದೆ. ಅದಕ್ಕಿಂತ ಘೋರವೆಂದರೆ ಪಟ್ಟಿಯ ಮೊದಲ ಸಂಖ್ಯೆ ದೊಡ್ಡಪ್ಪನದೇ. ಅಪ್ಪ ತೀರಿಕೊಂಡಾಗ ನಾಲ್ಕು ವರ್ಷದ ಕುಬಾತ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ಮನೆಗೆ ಕರೆತಂದ ಮನುಷ್ಯ ಅವನು. ಈಗ ಎಪ್ಪತ್ತೊಂಬತ್ತು ವರ್ಷ. ಕಳೆದ ವಸಂತದಲ್ಲಿ ಎದೆನೋವು ಬಂದಾಗ ಡಾಕ್ಟರು, ಇವರಿಗೆ ಒಂದು ಸಣ್ಣ ಗಾಬರಿಯೂ ಆಗಕೂಡದು ಎಂದಿದ್ದರು. ತಾನು ಸತ್ತ ಸುದ್ದಿಯನ್ನು ತಾನೇ ಓದುವುದು ಸಣ್ಣ ಗಾಬರಿಯಲ್ಲ.

ಕುಬಾತ್ ದೊಡ್ಡಪ್ಪನ ಸಂಖ್ಯೆ ಒತ್ತಿದ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ದೊಡ್ಡಮ್ಮ ಫೋನು ಮುಟ್ಟುವವಳೇ ಅಲ್ಲ. ಕಚೇರಿಯಲ್ಲಿ ಕೋಡಿನ ವಿಷಯ ಬಲ್ಲವಳು ನಾಜಿಕ್ ಎಂಬ ಹುಡುಗಿ. ಅವಳು ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಕೂತಿದ್ದಳು, ಫೋನ್ ಬಂದ್. ಆ ಹೊತ್ತಿಗೆ ಕೈಗೆ ಸಿಕ್ಕವನು ಪಕ್ಕದ ಮೇಜಿನ ಮೆಲಿಸ್. ಐವತ್ತು ದಾಟಿದವನು, ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವನು, ಇನ್ನೊಬ್ಬರ ಕಷ್ಟವೆಂದರೆ ಕುರ್ಚಿಯನ್ನೇ ಎಳೆದುಕೊಂಡು ಬರುವವನು.

‘‘ಮುಖ ಯಾಕೋ ಹಿಟ್ಟು ಬಳಿದ ಹಾಗಿದೆ?’’ ಎಂದ ಮೆಲಿಸ್.

ಕುಬಾತ್ ಹೇಳಿದ. ಮೆಲಿಸ್ ಗಂಭೀರವಾಗಿ ಗಡ್ಡ ಕೆರೆದುಕೊಂಡ.

‘‘ಒಬ್ಬೊಬ್ಬರಿಗೂ ನೀನೇ ಫೋನ್ ಮಾಡು. ಅವರು ಸಂದೇಶ ನೋಡೋಕೆ ಮುಂಚೆ ಮಾಡು. ಆದ್ರೆ ಒಂದು ಮಾತು. ಸತ್ತಿಲ್ಲ ಅಂತ ಬಾಯಿ ತೆಗೆದ ಕೂಡಲೇ ಹೇಳಬೇಡ, ವಯಸ್ಸಾದವರ ಎದೆ ನಿಂತೀತು. ಮೆಲ್ಲಗೆ ಶುರುಮಾಡು. ಕೂತ್ಕೊಳ್ಳಿ ಅನ್ನು, ನೀರು ಕುಡೀರಿ ಅನ್ನು, ಆಮೇಲೆ ವಿಷಯಕ್ಕೆ ಬಾ.’’

ಹೆದರಿದವನಿಗೆ ಯಾರ ಬುದ್ಧಿಮಾತಾದರೂ ಸೈ. ಕುಬಾತ್ ಮೊದಲು ತೊಕ್ಮೊಕ್‌ನ ತುರ್ದುಕಾನ್ ಅತ್ತೆಗೆ ಫೋನ್ ಮಾಡಿದ. ಅವಳು ದೊಡ್ಡಪ್ಪನ ಒಬ್ಬಳೇ ತಂಗಿ.

‘‘ಅತ್ತೆ, ಕೂತಿದೀರಾ?’’

‘‘ನಿಂತಿದೀನಿ ಕಣೋ, ಹಿಟ್ಟು ನಾದ್ತಾ ಇದೀನಿ. ಯಾಕೆ?’’

‘‘ಸ್ವಲ್ಪ ಕೂತ್ಕೊಳ್ಳಿ. ನೀರು ಕುಡೀರಿ.’’

ಆ ಕಡೆ ಹಿಟ್ಟು ನಾದುವ ಸದ್ದು ನಿಂತಿತು.

‘‘ಅತ್ತೆ, ದೊಡ್ಡಪ್ಪ ಚೆನ್ನಾಗಿದಾರೆ. ಏನೂ ಆಗಿಲ್ಲ. ಯಾರಾದ್ರೂ ಏನಾದ್ರೂ ಅಂದ್ರೆ ನಂಬಬೇಡಿ. ನೀವು ಬರೋದೇನೂ ಬೇಡ.’’

ಆಮೇಲೆ ಅತ್ತೆ ತೀರ ಸಣ್ಣ ದನಿಯಲ್ಲಿ, ‘‘ಯಾವಾಗ?’’ ಎಂದಳು.

‘‘ಏನು ಯಾವಾಗ?’’

‘‘ಆಯ್ತಪ್ಪಾ, ನಿನಗೆ ಹೇಳೋಕೆ ಬಾಯಿ ಬರ್ತಿಲ್ಲ. ನನಗೆ ಅರ್ಥ ಆಯ್ತು. ಇಡು,’’ ಎಂದು ಅತ್ತೆ ಫೋನ್ ಇಟ್ಟಳು.

ಸಂದೇಶ ನೋಡಿರಬೇಕು, ಪಾಪ, ಎಂದುಕೊಂಡ ಕುಬಾತ್. ನಮ್ಮಲ್ಲಿ ಸಾವನ್ನು ಯಾರೂ ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ಕೂರಿಸಿ, ನೀರು ಕೊಟ್ಟು, ಹಿರಿಯರು ಚೆನ್ನಾಗಿದ್ದಾರೆ, ಸ್ವಲ್ಪ ಆಯಾಸ ಅಷ್ಟೆ, ಎಂದು ಸುತ್ತಿ ಬಳಸಿ ತರುತ್ತಾರೆ. ಇದು ಕುಬಾತ್‌ಗೆ ಗೊತ್ತಿಲ್ಲವೆಂದಲ್ಲ. ಆದರೆ ಭಯ ಹೊಕ್ಕ ತಲೆಯಲ್ಲಿ ಗೊತ್ತಿರುವುದಕ್ಕೆ ಜಾಗವಿರುವುದಿಲ್ಲ. ಎರಡನೆಯವನು ಕೊಚ್ಕೊರ್‌ನ ಕಾದಿರ್. ಅವನು ಪೂರ್ತಿ ಕೇಳಿ, ‘‘ಕುರಿ ಒಂದು ತರ್ಲೋ ಎರಡು ತರ್ಲೋ?’’ ಎಂದ. ‘‘ಬೇಡವೇ ಬೇಡ, ದೊಡ್ಡಪ್ಪ ಬದುಕಿದಾರೆ’’ ಎಂದು ಕುಬಾತ್ ಗದ್ಗದನಾದ. ಆ ಗದ್ಗದ ಕೇಳಿ ಕಾದಿರ್ ಎರಡೂ ಕುರಿಗಳನ್ನು ಕಾರಿಗೆ ಹತ್ತಿಸಿದ.

ಹೀಗೆ ದೊಡ್ಡಪ್ಪನ ಸಂಖ್ಯೆಯೊಂದನ್ನು ಬಿಟ್ಟು ನಲವತ್ತೆರಡು ಮಂದಿಗೂ ಫೋನಾಯಿತು. ಮೆಲಿಸ್ ಪಕ್ಕದಲ್ಲಿ ಕೂತು, ಮಾತಾಡಿದವರ ಹೆಸರಿನ ಮುಂದೆ ಗುರುತು ಹಾಕುತ್ತ, ‘‘ಇನ್ನೂ ಸ್ವಲ್ಪ ಮೆಲ್ಲಗೆ, ಇನ್ನೂ ಸ್ವಲ್ಪ ದುಃಖದಲ್ಲಿ’’ ಎಂದು ಹೇಳಿಕೊಡುತ್ತಿದ್ದ. ಮುಗಿಯುವಾಗ ಮಧ್ಯಾಹ್ನ ಒಂದೂವರೆ. ದೊಡ್ಡಪ್ಪನ ಫೋನ್ ಮಾತ್ರ ಇನ್ನೂ ಗಂಟೆ ಹೊಡೆಯುತ್ತಲೇ ಇತ್ತು.

ಕುಬಾತ್ ಓಡಿಹೋಗಿ ದೊಡ್ಡಪ್ಪನ ಊರಿನ ವ್ಯಾನ್ ಹತ್ತಿದ. ಒಂದು ಗಂಟೆಯ ದಾರಿ. ಡ್ರೈವರ್ ಕನ್ನಡಿಯಲ್ಲಿ ಅವನನ್ನು ನೋಡಿ, ‘‘ಯಾರು ಹೋದ್ರು?’’ ಎಂದ.

‘‘ಯಾರೂ ಹೋಗಿಲ್ಲ. ದೊಡ್ಡಪ್ಪ ಚೆನ್ನಾಗಿದಾರೆ.’’

ಡ್ರೈವರ್ ಸುಮ್ಮನೆ ರೇಡಿಯೊ ಆರಿಸಿದ. ಪಕ್ಕದಲ್ಲಿದ್ದ ಅಜ್ಜಿ ಎರಡೂ ಅಂಗೈಗಳನ್ನು ಮುಖಕ್ಕೆ ಸವರಿಕೊಂಡು ಪ್ರಾರ್ಥಿಸಿದಳು. ಇಳಿಯುವಾಗ ಡ್ರೈವರ್ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಬೀದಿಯ ತಿರುವಿನಿಂದಲೇ ಕಂಡಿತು. ದೊಡ್ಡಪ್ಪನ ಅಂಗಳದಲ್ಲಿ ಬೂದು ಉಣ್ಣೆಯ ಯುರ್ತ್ ಡೇರೆ ಎದ್ದು ನಿಂತಿತ್ತು. ಮನೆ ಇರುವವರು ಅಂಗಳದಲ್ಲಿ ಯುರ್ತ್ ಹೂಡುವುದು ಹೆಣವನ್ನು ಮಲಗಿಸಲು. ಅದರ ಮುಂದೆ ಗಂಡಸರು ಸಾಲಾಗಿ ಕೋಲೂರಿ ಬಾಗಿ ನಿಂತು, ‘‘ಅಯ್ಯೋ ನನ್ನ ಕರುಳೇ’’ ಎಂದು ದನಿ ತೆಗೆದು ಅಳುತ್ತಿದ್ದರು. ಒಳಗಿಂದ ಹೆಂಗಸರ ರೋದನ ಕೇಳುತ್ತಿತ್ತು. ಎರಡು ಕುರಿಗಳ ಚರ್ಮ ಬೇಲಿಯ ಮೇಲೆ ಒಣಗುತ್ತಿತ್ತು.

ಕುಬಾತ್‌ಗೆ ಎಲ್ಲ ತಿಳಿದುಹೋಯಿತು. ದೊಡ್ಡಪ್ಪ ಸಂದೇಶ ಓದಿದ್ದಾನೆ, ಎದೆ ಒಡೆದು ಸತ್ತಿದ್ದಾನೆ. ತನ್ನನ್ನು ಹೆಗಲ ಮೇಲೆ ಹೊತ್ತವನನ್ನು ತಾನು ಒಂದು ಬೆರಳಿನಲ್ಲಿ ಕೊಂದಿದ್ದೇನೆ. ಅವನ ಗಂಟಲಿನಿಂದ ಹೊರಟ ಅಳುವಿಗೆ ಸಾಲಿನಲ್ಲಿದ್ದ ಅನುಭವಸ್ಥರೂ ತಿರುಗಿ ನೋಡಿದರು.

‘‘ನಾನೇ ಕೊಂದೆ, ದೊಡ್ಡಪ್ಪಾ, ನಾನೇ ಕೊಂದೆ.’’

‘‘ಸಾಕಿದ ಮಗ, ಹೀಗೇ ಅಳಬೇಕು,’’ ಎಂದು ಕಾದಿರ್ ಮೆಚ್ಚಿಕೊಂಡು ಅವನ ಕೈಗೊಂದು ಕೋಲು ಕೊಟ್ಟ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಇನ್ನೊಂದು ಅಳು ಬಂತು. ಗಡಸು ದನಿ, ಹಳೆಯ ಕಾಲದ ಧಾಟಿ. ಹೆಗಲ ಮೇಲೆ ಗುದ್ದಲಿ, ಮೊಣಕಾಲತನಕ ಕೆಸರು, ತಲೆಯ ಮೇಲೆ ಬಿಳಿ ಕಲ್ಪಾಕ್ ಟೋಪಿ: ಸಾತಿಬಾಲ್ದಿ ದೊಡ್ಡಪ್ಪ ಎದೆ ಬಡಿದುಕೊಳ್ಳುತ್ತ ಒಳಗೆ ಬಂದ. ಬೆಳಿಗ್ಗೆಯಿಂದ ಅವನು ಊರ ಕಾಲುವೆಯ ಬಳಿ ನೀರಿನ ಸರದಿಗಾಗಿ ಜಗಳವಾಡುತ್ತ ನಿಂತಿದ್ದ. ಫೋನು ಎಂದಿನಂತೆ ಮನೆಯ ಗೋಡೆಯ ಚೀಲದಲ್ಲಿ ನೇತಾಡುತ್ತಿತ್ತು. ಅಂಗಳದಲ್ಲಿ ಯುರ್ತ್ ಕಂಡವನೇ ಹೆಂಡತಿ ಬುರುಲ್ ಹೋದಳೆಂದು ತಿಳಿದ. ಇನ್ನಾರು ಇದ್ದಾರೆ ಆ ಮನೆಯಲ್ಲಿ?

‘‘ಬುರುಲ್, ಐವತ್ತೆರಡು ವರ್ಷ ನಾನು ಕೆಟ್ಟ ಮಾತಾಡಿದೆ, ನೀನು ಬಿಸಿ ರೊಟ್ಟಿ ಕೊಟ್ಟೆ. ನಿನ್ನ ಹಾಗೆ ನೂಡಲ್ ಎಳೆಯೋ ಕೈ ಈ ಕಣಿವೆಯಲ್ಲೇ ಇಲ್ಲ. ಒಂದು ದಿನವೂ ನಾನು ಅದನ್ನ ಹೇಳಲಿಲ್ಲವಲ್ಲೇ.’’

ಸಾಲಿನಲ್ಲಿದ್ದ ಗಂಡಸರು ಅಳುವುದನ್ನು ಬಿಟ್ಟು ಅವನತ್ತ ತಿರುಗಿದರು. ಯುರ್ತಿನ ಬಾಗಿಲ ಪರದೆ ಸರಿಯಿತು. ಅಳುತ್ತ ಬಂದವರನ್ನು ಕಂಡು, ಗಂಡ ಕಾಲುವೆಯಲ್ಲಿ ಬಿದ್ದು ಸತ್ತನೆಂದು ತಿಳಿದು ಮಧ್ಯಾಹ್ನದಿಂದ ಗೋಡೆ ನೋಡಿಕೊಂಡು ಅಳುತ್ತಿದ್ದ ಬುರುಲ್ ದೊಡ್ಡಮ್ಮ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘‘ನಿಲ್ಲಿಸಿದ್ದು ಯಾಕೆ? ಮುಂದಕ್ಕೆ ಹೇಳಿ,’’ ಎಂದಳು.

ಕುಬಾತ್ ನೆಲಕ್ಕೆ ಕುಸಿದು ಕೂತ. ದೊಡ್ಡಪ್ಪ ಬದುಕಿದ್ದ. ದೊಡ್ಡಪ್ಪ ಬದುಕಿದ್ದ. ಆ ಸಂತೋಷದಲ್ಲಿ ಅವನು ಪರೀಕ್ಷೆ, ಪಟ್ಟಿ, ಕಾಣೆಯಾದ ಸಾಲು, ಎಲ್ಲವನ್ನೂ ಬಿಕ್ಕುತ್ತ ಒಪ್ಪಿಕೊಂಡ. ‘‘ಸಂದೇಶ ತಪ್ಪಿ ಬಂದುಬಿಟ್ಟಿದೆ. ಎಲ್ರೂ ಕ್ಷಮಿಸಿ,’’ ಎಂದ.

‘‘ಯಾವ ಸಂದೇಶ?’’ ಎಂದಳು ತುರ್ದುಕಾನ್ ಅತ್ತೆ.

‘‘ನಿಮ್ಮ ಫೋನಿಗೆ ಬಂದದ್ದು.’’

‘‘ನನಗೆ ಏನೂ ಬಂದಿಲ್ವಲ್ಲ.’’

ಜನ ಫೋನು ತೆಗೆದು ನೋಡಿದರು. ಯಾರಿಗೂ ಏನೂ ಬಂದಿರಲಿಲ್ಲ. ಅದೇ ಹೊತ್ತಿಗೆ ಕುಬಾತ್‌ನ ಫೋನ್ ಬಡಿದುಕೊಂಡಿತು. ನಾಜಿಕ್, ಹಲ್ಲು ಕೀಳಿಸಿಕೊಂಡು ಕಚೇರಿಗೆ ಮರಳಿ, ಮೆಲಿಸ್‌ನಿಂದ ಎಲ್ಲ ಕೇಳಿದ್ದಳು. ಕುಬಾತ್ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದ.

‘‘ಕುಬಾತ್, ನೀನು ಹುಚ್ಚನಾ?’’ ಎಂದಳು ಅವಳು ಊದಿದ ಬಾಯಲ್ಲಿ. ‘‘ಗೊಂಬೆ ಸಾಲನ್ನ ನಾನೇ ಬೆಳಿಗ್ಗೆ ನಿನ್ನ ಫೈಲಿಂದ ತೆಗೆದು, ಎಲ್ಲರಿಗೂ ಸೇರಿದ ಫೈಲಲ್ಲಿ ಹಾಕಿದೀನಿ. ಏನೂ ಹೋಗಿಲ್ಲ.’’

‘‘ಹೋಗಿದೆ ಅಂತ ಬಂತಲ್ಲ. ನಲವತ್ತಮೂರು ಸಲ, ತಲಾ ಒಂದೇ ಸಲ ಅಂತ.’’

‘‘ಅದನ್ನ ಎಣಿಸಿದ್ದು ಯಾರು? ನಿಜವಾದ ಯಂತ್ರ ಎಣಿಸುತ್ತಾ? ಅದು ಕಳಿಸಿ ಕೈ ತೊಳ್ಕೊಳ್ಳುತ್ತೆ. ಎಷ್ಟು ಸಲ ಅಂತ ಹೇಳೋಕೆ ಬರೋದು ಗೊಂಬೆಗೆ ಮಾತ್ರ. ಎಣಿಕೆ ಬಂತು ಅಂದ್ರೇನೇ ಗೊಂಬೆ ಅಲ್ಲಿ ಕೂತಿದೆ ಅಂತ. ಮೂರು ವರ್ಷದಿಂದ ಇದೇ ಕೆಲಸ ಮಾಡ್ತಿದೀಯಲ್ಲೋ.’’

ಅವನನ್ನು ಸಾಯುವಷ್ಟು ಹೆದರಿಸಿದ ಆ ಹಸಿರು ಸಾಲೇ, ಹೆದರಬೇಡ ಎಂದು ಹೇಳುತ್ತಿದ್ದ ಸಾಲಾಗಿತ್ತು. ಕಾದಿರ್ ಬೇಲಿಯ ಮೇಲಿನ ತನ್ನ ಕುರಿಗಳ ಚರ್ಮವನ್ನು ನೋಡಿದ, ಆಮೇಲೆ ಕುಬಾತ್‌ನನ್ನು ನೋಡಿದ.

‘‘ಅಂದ್ರೆ ನಮಗೆ ಸುದ್ದಿ ಹೇಳಿದ್ದು ಗೊಂಬೆಯೂ ಅಲ್ಲ, ಯಂತ್ರವೂ ಅಲ್ಲ,’’ ಎಂದಳು ತುರ್ದುಕಾನ್ ಅತ್ತೆ ನಿಧಾನವಾಗಿ. ‘‘ನೀನು.’’

ಕುಬಾತ್ ದೊಡ್ಡಪ್ಪನ ಕಡೆ ನೋಡಿದ. ಮುದುಕ ಗುದ್ದಲಿ ಊರಿಕೊಂಡು ನಿಂತಿದ್ದ, ಮುಖದಲ್ಲಿ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಫೋನಿನ ಒಳಗಿಂದ, ದೂರದಲ್ಲಿ, ಮೆಲಿಸ್‌ನ ದನಿ ಕೇಳಿಸಿತು: ‘‘ಗೊಂಬೆ ಇತ್ತೋ ಇಲ್ವೋ ಅಂತ ಬಾಯಲ್ಲಿ ಯಾಕೆ ವಾದ? ಅದನ್ನ ತೆಗೆದು ಒಂದು ಸಲ ಓಡಿಸಿದ್ರೆ ಗೊತ್ತಾಗುತ್ತೆ ಬಿಡಮ್ಮಾ.’’

‘‘ಮೆಲಿಸ್, ಮುಟ್ಟಬೇಡಿ,’’ ಎಂದು ನಾಜಿಕ್ ಹೇಳುವುದಕ್ಕೂ ಗುಂಡಿ ಟಕ್ ಎನ್ನುವುದಕ್ಕೂ ಸರಿಹೋಯಿತು.

ಅಂಗಳದ ತುಂಬ ಫೋನುಗಳು ಒಟ್ಟಿಗೇ ಬಡಿದುಕೊಂಡವು. ಜೇಬುಗಳಲ್ಲಿ, ಕೈಚೀಲಗಳಲ್ಲಿ, ಯುರ್ತಿನ ಒಳಗೆ, ಅಡಿಗೆಮನೆಯಲ್ಲಿ. ಕೊನೆಯದಾಗಿ ಗೋಡೆಯ ಚೀಲದೊಳಗೊಂದು ಕೀರಲು ಸದ್ದು.

ಯಾರು ತಡೆದರೂ ನಿಲ್ಲದೆ ದೊಡ್ಡಪ್ಪ ಮನೆಯೊಳಗೆ ಹೋದ. ಫೋನು ಹಿಡಿದುಕೊಂಡು ಬಂದ. ಕನ್ನಡಕ ಒರೆಸಿ ಮೂಗಿಗೇರಿಸಿದ. ಕುಬಾತ್ ತೆವಳಿಕೊಂಡು ಹೋಗಿ ಅವನ ಕೆಸರುಕಾಲು ಹಿಡಿದುಕೊಂಡ.

‘‘ಓದಬೇಡಿ ದೊಡ್ಡಪ್ಪಾ. ನಿಮ್ಮ ಎದೆ.’’

ದೊಡ್ಡಪ್ಪ ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಓದಿದ. ಒಂದು ಸಲ ಮುಗಿಸಿ, ಇನ್ನೊಂದು ಸಲ ಮೊದಲಿಂದ ಓದಿದ. ಅವನ ಮುಖ ಮೆಲ್ಲಗೆ ಕೆಂಪಾಗತೊಡಗಿತು. ದೊಡ್ಡಮ್ಮ ನೀರಿನ ಬಟ್ಟಲು ಹಿಡಿದು ಪಕ್ಕಕ್ಕೆ ಬಂದಳು. ಕುಬಾತ್ ಕಣ್ಣು ಮುಚ್ಚಿಕೊಂಡ.

‘‘ಹುಟ್ಟಿದ್ದು ಸಾವಿರದ ಒಂಬೈನೂರು ಅಂತ ಹಾಕಿದೀಯಲ್ಲೋ ಕತ್ತೆ,’’ ಎಂದ ದೊಡ್ಡಪ್ಪ. ‘‘ಅಷ್ಟು ಹಳೇ ಮುದುಕ ಸತ್ರೆ ಯಾರೋ ಅಳ್ತಾರೆ? ಸರಿಮಾಡಿ ಎಲ್ರಿಗೂ ಇನ್ನೊಂದು ಸಲ ಕಳಿಸು.’’