ಸಮ್ಮೇದನ ಹೆಲ್ಮೆಟ್ಟಿಗೆ ಕಣ್ಣು ಬಂದದ್ದು

ತ್ರಿಶಲಾ: ಸೊಟ್ಟ ಐತ್ರಿ! ಸೊಟ್ಟ!

ಸಮ್ಮೇದ: ಸುಟ್ಟೈತಿ? ಏನ್ ಸುಟ್ಟೈತಿ? ಒಲಿ ಮ್ಯಾಲ ಹಾಲಿಟ್ಟ ಬಂದೀ ಏನ?

ಜುಗೂಳದ ಮನೆಯ ಪಡಸಾಲೆಯಲ್ಲಿ ಸಮ್ಮೇದ ಕಿವಿ, ಗದ್ದ ಎಲ್ಲ ಮುಚ್ಚುವ ಹೆಲ್ಮೆಟ್ ತೊಟ್ಟು ಕುರ್ಚಿಯಲ್ಲಿ ಕೂತಿದ್ದ. ಹೆಲ್ಮೆಟ್ಟಿನ ಹಣೆಗೆ ಬೆಂಕಿಪೆಟ್ಟಿಗೆಯಷ್ಟು ಕ್ಯಾಮೆರಾ. ಅದು ಕಂಡದ್ದೆಲ್ಲ ಹೆಂಡತಿ ತ್ರಿಶಲಾಳ ಮೊಬೈಲಿನಲ್ಲಿ ಕಾಣುತ್ತಿತ್ತು. ಮಿರಜಿನಲ್ಲಿ ಕೊಂಡ ಮೊಬೈಲು, ಅದರ ಅಕ್ಷರವೆಲ್ಲ ಮರಾಠಿ. ಅರ್ಧ ತಾಸಿನಿಂದ ಅವಳಿಗೆ ಕಂಡದ್ದು ಮಾಡಿನ ತೊಲೆ, ಒಂದು ಹಲ್ಲಿ ಮತ್ತು ಗಂಡನ ಹೊಟ್ಟೆ.

ನಾಳೆ ಊರಿನ ಬಸದಿಯಲ್ಲಿ ಚಾತುರ್ಮಾಸದ ಸಮಾರೋಪ. ನಾಲ್ಕು ತಿಂಗಳು ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡಿ ಮುಟ್ಟದೆ ನೇಮ ಪೂರೈಸಿದ್ದಕ್ಕೆ ಸಮ್ಮೇದನಿಗೆ ಶಾಲು, ತೆಂಗಿನಕಾಯಿ. ಅದಕ್ಕೂ ಮೊದಲು ಉಗಾರದಿಂದ ಬೈಕ್ ರ‍್ಯಾಲಿ. ಅದೇ ನೇಮವನ್ನು ಅದೇ ಮನೆಯಲ್ಲಿ ತ್ರಿಶಲಾ ಕೂಡ ಹಿಡಿದಿದ್ದಳು. ಆದರೆ ಸತ್ಕಾರದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. 

ತ್ರಿಶಲಾ: ಹಾಲ ಅಲ್ರಿ, ಕ್ಯಾಮೆರಾ ಸೊಟ್ಟ ಐತಿ. ತೆಳಗ ಮಾಡ್ರಿ, ತೆಳಗ!

ಸಮ್ಮೇದ: ತೆಗೀಲಿ? ಈಗರ ಹಚ್ಚೇನಿ, ಆಗಲೇ ತೆಗಿ ಅಂತೀ?

ಕಟಕ್ಕನೆ ಕ್ಯಾಮೆರಾ ತೆಗೆದೇಬಿಟ್ಟ. ಹೊಸದಾಗಿ ಅಂಟಿಸಿದ ಪಟ್ಟಿಯೂ ಅದರ ಜೊತೆಗೆ ಕಿತ್ತುಬಂತು.

ತ್ರಿಶಲಾ: ಆ ಡಬ್ಬಿ ತಲಿಯಿಂದ ತಗದ ಮಾತಾಡ್ರಿ ಒಮ್ಮೆ.

ಸಮ್ಮೇದ: ತಲಿ ಮ್ಯಾಲ ಇದ್ರನ ಲೆವೆಲ್ ಗೊತ್ತಾಗೋದು. ನಿನಗ ಇದೆಲ್ಲ ತಿಳ್ಯಾಂಗಿಲ್ಲ. ಹಾಂ, ಮತ್ತ ಹಚ್ಚಿದೆ. ಈಗ ಫೋಕಸ್ ನೋಡು.

ತ್ರಿಶಲಾ: ಹಾಡಹಗಲ ಫೋಕಸ್ ಯಾಕ್ರಿ? ಮಂಟಪದಾಗ ನಾಕ ಕಂಬಕ್ಕ ನಾಕ ಫೋಕಸ್ ಕಟ್ಟ್ಯಾರಲ್ಲ?

ಸಮ್ಮೇದ: ಅಯ್ಯ, ಅದು ಲೈಟಿಂದು! ಇದು ಕಣ್ಣಿನ ಫೋಕಸ್. ನಾ ಈ ಗಾಜ ತಿರಗಸ್ತೀನಿ. ಎಲ್ಲಿ ಚೊಲೋ ಕಾಣತೈತಿ ಅಲ್ಲಿ ಸಾಕು ಅನ್ನು.

ತ್ರಿಶಲಾ: ಮಬ್ಬ... ಮಬ್ಬ... ಸ್ವಲ್ಪ ಚೊಲೋ... ಸಾಕು!

ಸಮ್ಮೇದ: ಬೇಕು? ತಗೋ.

ತ್ರಿಶಲಾ: ಸಾಕು ಅಂದ್ನಿರಿ! ಕ್ಯಾಲೆಂಡರಿನ ತಾರೀಖ ಕಂಡಿತ್ತು, ಮತ್ತ ಹೋತು.

ಸಮ್ಮೇದ: ನಿನಗ ಚಷ್ಮಾ ಬೇಕು.

ತ್ರಿಶಲಾ: ನಿಮಗ ಕಿವಿ ಬೇಕು. ಅಲ್ರಿ, ನಾಳೆ ಶಾಲ ಹೊಚ್ಚುವಾಗರ ಈ ಡಬ್ಬಿ ತಗೀತೀರೋ ಇಲ್ಲೋ?

ಸಮ್ಮೇದ: ತಗದ್ರ ವಿಡಿಯೋ ಹೆಂಗ ಬರಬೇಕು? ಶಾಂತಿನಾಥಣ್ಣ ಮಂಟಪದಾಗ ದೊಡ್ಡ ಪಡದೆ ಮ್ಯಾಲ ಬಿಡ್ತೀನಿ ಅಂದಾನ. ಊರ ಮಂದಿಯೆಲ್ಲ ನೋಡತೈತಿ ನನ್ನ!

ಶಾಂತಿನಾಥ ಎಂದರೆ ಚಾತುರ್ಮಾಸ ಕಮಿಟಿಯ ಅಧ್ಯಕ್ಷ. ನಾಳೆ ಶಾಲು ಹೊದಿಸುವವನೂ ಅವನೇ, ಪಟ್ಟಿ ಬರೆದವನೂ ಅವನೇ.

ತ್ರಿಶಲಾ: ಕ್ಯಾಮೆರಾ ನಿಮ್ಮ ತಲಿ ಮ್ಯಾಲ ಇದ್ರ ನೀವ ಹೆಂಗ ಕಾಣ್ತೀರಿ? ಶಾಂತಿನಾಥಣ್ಣನ ಮೀಸಿ ಕಾಣತೈತಿ.

ಇದನ್ನು ಸಮ್ಮೇದ ಯೋಚಿಸಿರಲಿಲ್ಲ. ಕೇಳಿಸದವನಂತೆ ಗಾಜು ತಿರುಗಿಸುತ್ತ ಕೂತ.

ತ್ರಿಶಲಾ: ಇದು ಚಾಲೂ ಐತೋ ಬಂದ್ ಐತೋ? ಕೆಂಪ ಲೈಟ ಮಿಣಕಾಕತ್ತೇತಿ!

ಸಮ್ಮೇದ: ಕೆಂಪ ಅಂದ್ರ ಬಂದ್. ಸಾಂಗ್ಲ್ಯಾಗ ಸಿಗ್ನಲ್ ನೋಡಿಲ್ಲೇನ? ನಿನ್ನಿ ಉಗಾರಕ್ಕ ಹೋಗಿ ಬರೂತನಕಾ ಕೆಂಪ ಇತ್ತು. ಅದಕ್ಕ ಏನೂ ಬಂದಿಲ್ಲ.

ತ್ರಿಶಲಾ: ಮತ್ತ ಇಲ್ಲಿ ನಿನ್ನಿ ತಾರೀಖಿನ ವಿಡಿಯೋ ಐತಲ್ರಿ. ಬರೋಬ್ಬರಿ ಒಂದ ತಾಸಿಂದು.

ಇದನ್ನು ಅವಳು ಮೆತ್ತಗೆ ಹೇಳಿದ್ದಳು. ಆದರೂ ಈ ಸಲ ಹೆಲ್ಮೆಟ್ಟಿನೊಳಗೆ ಒಂದಕ್ಷರ ಬಿಡದೆ ಕೇಳಿಸಿತು.

ಸಮ್ಮೇದ: ತಗೀಬ್ಯಾಡ ಅದನ್ನ! ಬ್ಯಾಟರಿ ಹೋಗತೈತಿ!

ತ್ರಿಶಲಾ: ತಗಿ ಬೇಗ ಅಂದ್ರಿ? ತಗದೆ ನೋಡ್ರಿ.

ಮೊದಲು ವಾಲಿದ ರಸ್ತೆ, ಕಬ್ಬಿನ ಟ್ರಾಲಿಯ ಬಾಲ, ಒಂದಿಷ್ಟು ಆಕಾಶ. ಆಮೇಲೆ ಉಗಾರ ಖುರ್ದದ ಒಂದು ಭಜಿ ಅಂಗಡಿ. ಅಲ್ಲಿ ಸಮ್ಮೇದ ಹೆಲ್ಮೆಟ್ ತೆಗೆದು ಎದುರಿನ ಟೇಬಲ್ ಮೇಲಿಟ್ಟಿದ್ದ. ತಲೆಯ ಮೇಲಿದ್ದಾಗ ಒಮ್ಮೆಯೂ ನೆಟ್ಟಗೆ ನಿಲ್ಲದ ಕ್ಯಾಮೆರಾ ಅಲ್ಲಿ ಸಭ್ಯ ಮನುಷ್ಯನಂತೆ ನೆಟ್ಟಗೆ ಕೂತು ಅವನನ್ನೇ ನೋಡುತ್ತಿತ್ತು. ಸಮ್ಮೇದನ ಮುಂದೆ ಬಿಸಿಬಿಸಿ ಕಾಂದಾ ಭಜಿಯ ಪ್ಲೇಟು. ಸಮ್ಮೇದನ ಎರಡೂ ಗಲ್ಲ ಉಬ್ಬಿದ್ದವು.

ತ್ರಿಶಲಾ: ಏನ್ ಫೋಕಸ್ ರೀ! ಉಳ್ಳಾಗಡ್ಡಿ ಎಳಿ ಎಣಸಬಹುದು.

ಸಮ್ಮೇದ ಈಗ ಹೆಲ್ಮೆಟ್ ತೆಗೆದ. ಮುಖ ಬೆವೆತಿತ್ತು.

ಸಮ್ಮೇದ: ಸಿಟ್ಟಿಗೇಳಬ್ಯಾಡ, ಕೇಳಿಲ್ಲಿ. ಬಸದ್ಯಾಗ ಮುನಿ ಮಹಾರಾಜರ ಮುಂದ ನಾ ಬಿಟ್ಟಿದ್ದೇನು? ಉಳ್ಳಾಗಡ್ಡಿ. ಅಂಗಡಿಯಂವ ಕೊಟ್ಟಿದ್ದೇನು? ಕಾಂದಾ ಭಜಿ. ಬೋರ್ಡಿನ ಮ್ಯಾಲೂ ಹಂಗ ಬರದಾನ.

ತ್ರಿಶಲಾ: ಅಂದ್ರ ನೇಮಾ ಕನ್ನಡದಾಗ, ತಿನ್ನೋದು ಮರಾಠ್ಯಾಗ?

ಸಮ್ಮೇದ: ಗಡಿ ಭಾಗ ಅಲ್ಲೇನ ನಮ್ದು? ಎಲ್ಲಾ ಹೊಂದಿಸಿಕೊಂಡ ಹೋಗಬೇಕು.

ತ್ರಿಶಲಾಗೆ ನಗು ಬರಲಿಲ್ಲ. ತಂಗಿಯ ಮಗಳ ಮದುವೆಯಲ್ಲಿ ಎಲ್ಲರೂ ಬಟಾಟೆ ಪಲ್ಯ ಹೊಡೆಯುವಾಗ ಅವಳು ಮೊಸರನ್ನ ಉಂಡು ಎದ್ದಿದ್ದಳು. ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲದ ಸಾರಿಗೆ ರುಚಿ ತರಲು ದಿನಾ ಒದ್ದಾಡಿದ್ದಳು. ಈ ಮಹಾನುಭಾವ ಅದನ್ನು ‘ಚಪ್ಪೆ’ ಅಂದು ಉಂಡು, ಉಗಾರಕ್ಕೆ ಹೋಗಿ ಬಾಯಿ ಚಪಲ ತೀರಿಸಿಕೊಂಡು ಬಂದಿದ್ದ. ಅವಳಿಗೆ ಅಳುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ವಿಡಿಯೋದಲ್ಲಿ ಪಕ್ಕದಿಂದ ಇನ್ನೊಂದು ಕೈ ಬಂದು ಒಂದು ಭಜಿ ಎತ್ತಿತು. ‘ಸಮ್ಮೇದಾ, ಎರಡ ಬಟಾಟೆ ವಡಾನೂ ಹೇಳಪಾ’ ಎಂಬ ದನಿ. ಹಿಂದೆಯೇ ಮೀಸೆ. ಅದರ ಹಿಂದೆ ಕಮಿಟಿ ಅಧ್ಯಕ್ಷ ಶಾಂತಿನಾಥ.

ಸಮ್ಮೇದ: (ಜೀವ ಬಂದವನಂತೆ) ನೋಡಿದಿ? ಅಧ್ಯಕ್ಷರೇ ತಿಂದಾರ! ಇನ್ನ ಯಾರ ಯಾರನ್ನ ಕೇಳಬೇಕು? ಅಳಸು ಅದನ್ನ.

ತ್ರಿಶಲಾ: ಅಳಸ್ತೀನಿ. ಮೊದಲ ಅವರಿಗಿ ಒಂದ ಫೋನ್ ಹಚ್ಚತೀನಿ.

ಸಮ್ಮೇದ ಬ್ಯಾಡ ಬ್ಯಾಡ ಅನ್ನುತ್ತಿರುವಾಗಲೇ ಹಚ್ಚಿದಳು.

ತ್ರಿಶಲಾ: ನಮಸ್ಕಾರ್ರಿ ಶಾಂತಿನಾಥಣ್ಣಾ. ನಾಳೆ ಪಡದೆ ಮ್ಯಾಲ ಬಿಡಾಕ ಒಂದ ವಿಡಿಯೋ ಭಾರಿ ಫೋಕಸ್ ಆಗೇತ್ರಿ. ಉಗಾರದ್ದು. ನೀವೂ ಅದೀರಿ, ಬಟಾಟೆ ವಡಾನೂ ಐತಿ... ಹಲೋ? ಅದೀರೇನ್ರಿ?... ಹಾಂ... ನನ್ನ ಹೆಸರ ಬಿಟ್ಟ ಹೋಗಿತ್ತೇನ್ರಿ? ಬರೀವಾಗ ತಪ್ಪಾಗಿರಬೇಕು ಬಿಡ್ರಿ... ಮೊದಲನೇ ಶಾಲು ನನಗಾ? ನಿಮ್ಮ ಇಚ್ಛಾರಿ.

ಫೋನ್ ಇಟ್ಟಳು. ಸಮ್ಮೇದನ ಮುಖ ಸಣ್ಣಗಾಗಿತ್ತು.

ಸಮ್ಮೇದ: ಮತ್ತ ನನ್ನ ಶಾಲು?

ತ್ರಿಶಲಾ: ಶಾಲು ನನಗ, ವಿಡಿಯೋ ನಿಮಗ. ಹಾಕ್ಕೊರಿ ಹೆಲ್ಮೆಟ್. ನಾಳೆ ಫೋಕಸ್ ನನ್ನ ಮ್ಯಾಲ ಇರಬೇಕು, ಮೀಸಿ ಮ್ಯಾಲ ಅಲ್ಲ.

ಸಮ್ಮೇದ ಹೆಲ್ಮೆಟ್ ತೊಟ್ಟ. ಕ್ಯಾಮೆರಾ ಈಗ ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ. ಒಳಗಿಂದ ಸಣ್ಣ ದನಿ ಬಂತು.

ಸಮ್ಮೇದ: ಅದನ್ನ ಅಳಸಿದಿ, ಹೌದಿಲ್ಲೋ?

ತ್ರಿಶಲಾ: ಅಳಸ್ತೀನಿ ಅಂದಿದ್ದು ಕನ್ನಡದಾಗ್ರಿ. ಮೊಬೈಲು ಮರಾಠ್ಯಾಗ ಐತಿ.