ನನ್ನ ಗಾಡಿಯ ಎಳೆತ ನಿನ್ನ ಗಾಡಿಗಿಲ್ಲ

ಅವರ್ಸಾದ ನಮ್ಮ ಓಣಿಯಲ್ಲಿ ಯಾರಿಗೆ ಬುದ್ಧಿ ಬಂದರೂ ಈ ಇಬ್ಬರು ಪಿಕಪ್‌ನವರಿಗೆ ಬರುವ ಲಕ್ಷಣ ಕಾಣುವುದಿಲ್ಲ. ಹಾಗಾಗಿ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ, ನಾನು ನೋಡುತ್ತಲೇ ಇರುತ್ತೇನೆ. ನೋಡದೆ ಗತಿಯಿಲ್ಲ. ಗಂಡ ದೋಣಿಯಲ್ಲಿ ಹಿಡಿದು ತಂದ ಮೀನನ್ನು ಅಂಕೋಲೆಗೋ ಕಾರವಾರಕ್ಕೋ ಒಯ್ದು ಮಾರುವವಳು ನಾನು. ಒಯ್ಯುವ ಗಾಡಿಗಳು ಇವರದು.

ಬಲಮನೆಯವನದು ಹಳೆಯ ಪಿಕಪ್. ಅದರ ಎಂಜಿನ್ನಿನಲ್ಲಿ ಇರುವುದೆಲ್ಲ ಕಬ್ಬಿಣ ಮತ್ತು ಎಣ್ಣೆಜಿಡ್ಡು. ಎಡಮನೆಯವನದು ಹೊಸದು. ಅದರಲ್ಲಿ ಟರ್ಬೊ, ಸೆನ್ಸರ್, ಕಂಪ್ಯೂಟರ್ ಎಲ್ಲ ಇವೆಯಂತೆ. ನಾನು ಅವರನ್ನು ಹಳೇ ಎಂಜಿನ್, ಹೊಸ ಎಂಜಿನ್ ಎಂದೇ ಕರೆಯುವುದು. ಹಗ್ಗ ಕಟ್ಟಿ ಎಳೆಯಲು ಯಾರ ಡೀಸೆಲ್ ಎಂಜಿನ್ ಮೇಲು ಎಂಬುದರಲ್ಲೇ ಇಬ್ಬರಿಗೂ ಬೆಳಗಾಗುತ್ತದೆ, ಅದರಲ್ಲೇ ಕತ್ತಲಾಗುತ್ತದೆ. ಹಿತ್ತಿಲಲ್ಲಿ ಹೆಂಡತಿಯರು ಬಾವಿಯಿಂದ ಕೊಡಗಟ್ಟಲೆ ನೀರು ಎಳೆಯುತ್ತಿರುತ್ತಾರೆ. ಆ ಎಳೆತ ಮಾತ್ರ ಇಬ್ಬರ ಕಣ್ಣಿಗೂ ಬಿದ್ದಿಲ್ಲ.

ಕಾರವಾರದ ದಾರಿ

ಒಮ್ಮೆ ಬಂಗಡೆ ಹೇರಿಕೊಂಡು ಹೊಸ ಎಂಜಿನ್ ಗಾಡಿಯಲ್ಲಿ ಕಾರವಾರಕ್ಕೆ ಹೊರಟಿದ್ದೆ. ದಾರಿಯುದ್ದಕ್ಕೂ ಟರ್ಬೊ ಪುರಾಣ. "ಅಕ್ಕ, ಹಿಂದೆ ಲಾರಿ ಕಟ್ಟಿದ್ರೂ ಎಳೀತದೆ ಇದು" ಎಂದು ಹೇಳಿ ಬಾಯಿ ಮುಚ್ಚಿರಲಿಲ್ಲ, ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿತು. ಗಾಡಿ ಕುಂಟಿತು, ಆಮೇಲೆ ನಿಂತೇ ಬಿಟ್ಟಿತು. ಅವನು ಬಾನೆಟ್ ಎತ್ತಿದ, ದೇವರಿಗೆ ಕೈ ಮುಗಿಯುವವನ ಹಾಗೆ ಸ್ವಲ್ಪ ಹೊತ್ತು ನಿಂತ, ಮುಚ್ಚಿದ.

"ಎಂತಾ ಆಯ್ತೋ?"

"ಕಂಪ್ಯೂಟರ್ ಹಚ್ಚಿ ನೋಡ್ಬೇಕಕ್ಕ."

"ಹಾಗೇ ನನ್ನ ಬಂಗಡೆಗೂ ಹಚ್ಚಿ ನೋಡು, ಎಷ್ಟು ಹೊತ್ತು ತಡೀತದೆ ಅಂತ."

ಅಷ್ಟರಲ್ಲಿ ಹಿಂದಿನಿಂದ ಹಳೇ ಎಂಜಿನ್ ಬಂದ. ಹಲ್ಲು ಕಿರಿಯುತ್ತ ಇಳಿದ. ಹಗ್ಗ ಕಟ್ಟಿ ಕಾರವಾರದ ಗ್ಯಾರೇಜಿನವರೆಗೂ ನಮ್ಮನ್ನು ಎಳೆದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹಾರ್ನ್ ಹೊಡೆದು ಹಿಂದೆ ಕೈ ತೋರಿಸಿದ. ಗ್ಯಾರೇಜಿನ ಮುಂದೆ ಹೊಸ ಎಂಜಿನ್ ಇಳಿದು ಅವನ ಹತ್ತಿರ ಹೋದ. ಉಪಕಾರ ಸ್ಮರಿಸುತ್ತಾನೆ ಎಂದುಕೊಂಡೆ.

"ಎಂತಾ ಜಗ್ಗಾಟ ಮಾರಾಯಾ ನಿಂದು! ಬೆನ್ನೆಲ್ಲ ನೋವು. ನನ್ನ ಗಾಡಿ ಎಳೆದಿದ್ರೆ ಎಳೆದದ್ದೇ ಗೊತ್ತಾಗ್ತಿರ್ಲಿಲ್ಲ."

ಹೊಗೆ

ಹಳೇ ಎಂಜಿನ್ ಏನೂ ಕಡಿಮೆಯವನಲ್ಲ. ಹೊಗೆ ಕಪ್ಪಗಿದ್ದಷ್ಟೂ ಎಂಜಿನ್ನಿಗೆ ಬಲ ಹೆಚ್ಚು ಎಂಬುದು ಅವನ ಸಿದ್ಧಾಂತ. ಒಂದು ದಿನ ನಾನು ಮರಳಿನ ಮೇಲೆ ಬಲೆ ಹಾಸಿ ಬೆಳ್ಳಂಜಿ ಮೀನು ಒಣಗಿಸಿದ್ದೆ. ಇವನು ಯಾರಿಗೋ ತನ್ನ ಗಾಡಿಯ ಬಲ ತೋರಿಸಲು ಹಿಂಭಾಗವನ್ನು ಸರಿಯಾಗಿ ಇತ್ತ ತಿರುಗಿಸಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಎಕ್ಸಲೇಟರ್ ತುಳಿದ. ಹೊಗೆ ಚದುರಿದಾಗ ನನ್ನ ಬೆಳ್ಳಂಜಿ ಯಾವುದು, ಇದ್ದಿಲು ಯಾವುದು ಎಂದು ಗುರುತು ಹತ್ತಲಿಲ್ಲ.

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಒಂದು ಮೀನು ಎತ್ತಿಕೊಂಡು ಮೂಸಿದ.

"ಬೈಬೇಡಕ್ಕ. ಹೊಸ ಗಾಡಿ ಹೊಗೆಗೆ ಈ ಬಣ್ಣ ಬತ್ತದಾ, ನೀನೇ ಹೇಳು."

ಗೊಬ್ಬರ

ಹೊಸ ಗಾಡಿಗೆ ಡೀಸೆಲ್ ಒಂದೇ ಸಾಲದು. ಹೊಗೆ ಶುದ್ಧವಾಗಲು ಯೂರಿಯಾದ ನೀರು ಬೇರೆ ಬೇಕು. ಅದಕ್ಕೆಂದೇ ಸಣ್ಣ ಟ್ಯಾಂಕಿದೆ, ಆ ನೀರು ಕ್ಯಾನಿನಲ್ಲಿ ಸಿಗುತ್ತದೆ. ಅದು ಮುಗಿಯಿತು ಎಂಬ ದೀಪ ಹೊತ್ತಿದಾಗ ಹೊಸ ಎಂಜಿನ್ ಬೊಬ್ರುವಾಡದ ಮಾವನ ಮನೆಯಲ್ಲಿದ್ದ. ಮಾವನ ಗದ್ದೆಗೆ ತಂದ ಯೂರಿಯಾ ಚೀಲ ಜಗಲಿಯಲ್ಲೇ ಇತ್ತು. ಅಳಿಯ ಬಕೆಟ್ಟಿನಲ್ಲಿ ಅದನ್ನು ಕರಗಿಸಿ, ಕೋಲಿನಿಂದ ತಿರುವಿ, ಸೋಸದೆ ಟ್ಯಾಂಕಿಗೆ ಸುರಿದ. ಮಾವ ಬೇಡ ಎಂದರಂತೆ. ಗಾಡಿಯ ಮೇಲಿನ ಮರುಕದಿಂದಲ್ಲ, ಗದ್ದೆಗೆ ಕಡಿಮೆಯಾಗುತ್ತದೆ ಎಂದು.

"ಪೈರಿಗೆ ಹಾಕಿದ್ರೆ ಪೈರು ಏಳ್ತದೆ. ಗಾಡಿ ಏಳುದಿಲ್ವಾ?" ಎಂದನಂತೆ ಇವನು.

ಗಾಡಿ ಏಳಲಿಲ್ಲ, ಮಲಗಿತು. ಹಳೇ ಎಂಜಿನ್‌ಗಂತೂ ಹಬ್ಬ. ಸಿಕ್ಕ ಸಿಕ್ಕವರ ಹತ್ತಿರ ಹೇಳಿದ: "ನಂದಕ್ಕೆ ಗೊಬ್ಬರ ಬೇಡ ಮಾರಾಯಾ. ಮಳೆ ನೀರಿಗೇ ಬೆಳೀತದೆ."

ದೋಣಿ

ಮಳೆಗಾಲದ ಮೊದಲು ದೋಣಿಯನ್ನು ತೆಂಗಿನ ಸಾಲಿನವರೆಗೆ ಎಳೆದು, ಮಳೆ ತಾಗದಂತೆ ತೆಂಗಿನ ಗರಿಯ ಮಡಲು ಮುಚ್ಚಿಡುತ್ತೇವೆ. ಓಣಿಯವರೆಲ್ಲ ಬಂದು ಹಗ್ಗ ಹಿಡಿಯುತ್ತಾರೆ. ಎಳೆದವರಿಗೆ ಅವಲಕ್ಕಿ, ಚಾ. ಈ ಸಲ ಇಬ್ಬರೂ ಬಂದು ಅಡ್ಡ ನಿಂತರು.

"ಜನ ಎಂತಕ್ಕಕ್ಕ? ನನ್ನ ಗಾಡಿ ಸತ್ತೋಗಿದ್ಯಾ?" ಎಂದ ಹಳೇ ಎಂಜಿನ್.

"ಅವಂದು ಬರೀ ಕೆಮ್ಮುದು. ನಾನು ಎಳೀತೆ," ಎಂದ ಹೊಸ ಎಂಜಿನ್.

ಇಲ್ಲ ಎನ್ನುವ ಮಾತು ನನ್ನ ಗಂಡನ ಬಾಯಿಂದ ಈವರೆಗೆ ಹೊರಟಿಲ್ಲ. ಇಬ್ಬರಿಗೂ ಹೂಂ ಎಂದ. ಓಣಿಯವರಿಗೆ ಈ ಸಲ ಬರುವುದು ಬೇಡ ಎಂದು ಹೇಳಿ ಕಳಿಸಿದೆವು.

ಕಡಲು ಅಂದು ಉಬ್ಬಿತ್ತು, ಭರತದ ನೀರು ಏರುತ್ತಿತ್ತು. ನಮಗಿರುವುದು ಅದೊಂದೇ ದೋಣಿ. ಅದು ಒಡೆದರೆ ಗಂಡ ಬೇರೆಯವರ ದೋಣಿಗೆ ಕೂಲಿಗೆ ಹೋಗಬೇಕು. ಇವರಿಬ್ಬರು ಮಾತ್ರ ಮದುವೆ ಗಂಡುಗಳ ಹಾಗೆ ಗಾಡಿಗಳನ್ನು ಮರಳಿಗೆ ಇಳಿಸಿ, ದೋಣಿಯ ಮೂತಿಗೆ ಒಂದೊಂದು ಹಗ್ಗ ಬಿಗಿದು ಎಳೆದರು. ದೋಣಿ ನೀರಿನಿಂದ ಮೇಲೆ ಬಂತು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು.

"ನೋಡ್ದೆಯಾ, ನಂದು ಎಳೆದದ್ದು!" ಎಂದ ಹಳೇ ಎಂಜಿನ್.

"ನಿಂದೆಲ್ಲಿ ಎಳೀತು? ನಿನ್ನ ಹಗ್ಗ ಜೋತು ಬಿದ್ದಿತ್ತು!"

"ಹಾಗಾದ್ರೆ ನಾನು ಬಿಡ್ತೆ, ನೀನೊಬ್ನೇ ಎಳಿ ನೋಡ್ವಾ!"

"ನಾನೇ ಬಿಡ್ತೆ, ನೀನೇ ಎಳಿ!"

ಇಬ್ಬರೂ ಒಟ್ಟಿಗೇ ಎಕ್ಸಲೇಟರ್ ಬಿಟ್ಟರು. ದೋಣಿ ಬಂದ ದಾರಿಯಲ್ಲೇ ಜಾರಿ ನೀರಿಗೆ ಹೋಯಿತು. ಹೋಗುತ್ತ ಎರಡು ಗಾಡಿಗಳನ್ನೂ ಹಸಿ ಮರಳಿಗೆ ಎಳೆದುಕೊಂಡಿತು. ಇಬ್ಬರೂ ಒಮ್ಮೆಲೇ ಎಕ್ಸಲೇಟರ್ ತುಳಿದರು. ಚಕ್ರಗಳು ಸುತ್ತಿದವು, ಮರಳು ಹಾರಿತು, ಗಾಡಿಗಳು ಕೂತವು. ದೋಣಿ ಅಡ್ಡ ತಿರುಗಿ ತೆರೆಯ ಏಟು ತಿನ್ನತೊಡಗಿತು. ಗಂಡ ಎದೆಮಟ್ಟ ನೀರಿನಲ್ಲಿ ಅದನ್ನು ತಬ್ಬಿ ಹಿಡಿದಿದ್ದ.

ನಾನು ಅಳುತ್ತಲೇ ಓಣಿಗೆ ಓಡಿದೆ. ಬೇಡ ಎಂದು ಹೇಳಿಸಿಕೊಂಡಿದ್ದ ಜನವೇ ಓಡಿ ಬಂದರು. ದೋಣಿಯ ಅಡಿಗೆ ಮರದ ತುಂಡು ಕೊಟ್ಟು, ಗಾಡಿಯ ಹಗ್ಗಗಳನ್ನು ಬಿಚ್ಚಿ, "ಐಸಾ" ಎಂದು ಜಗ್ಗಿದರು. ದೋಣಿ ತೆಂಗಿನ ಸಾಲಿಗೆ ಬಂತು. ಅದರ ಹೊಟ್ಟೆಯನ್ನೆಲ್ಲ ಸವರಿ ನೋಡಿದೆ. ಎಲ್ಲೂ ಒಡೆದಿರಲಿಲ್ಲ.

ಆಮೇಲೆ ಅದೇ ಜನ, ಅದೇ ಕೈಗಳಿಂದ ಹೊಸ ಗಾಡಿಗೆ ಹಗ್ಗ ಹಾಕಿದರು. ಹೆಂಗಸರು, ಮುದುಕರು ಎಲ್ಲರೂ ಸೇರಿ ಬೆವರು ಸುರಿಸಿ ಅದನ್ನು ಒಣ ಮರಳಿಗೆ ತಂದು ಹಾಕಿದರು. ಹೊಸ ಎಂಜಿನ್ ಬಾಗಿಲು ತೆರೆದು ಇಳಿದ. ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ ಎಂದು ಕಾದೆ. ಅವನು ಎದೆ ಸೆಟೆಸಿ ಕಡಲಿನ ಕಡೆ ತಿರುಗಿದ.

"ನೋಡಾ! ನನ್ನ ಗಾಡಿ ಅಲ್ಲಾಡಿಸೂಕೆ ಇಡೀ ಓಣಿ ಬೇಕಾಯ್ತು!"

ಹಳೇ ಎಂಜಿನ್‌ನ ಪಿಕಪ್ಪು ಇನ್ನೂ ಮರಳಲ್ಲೇ ಹೂತಿತ್ತು, ಬಾಗಿಲಿನವರೆಗೂ ನೀರು ಬಂದಿತ್ತು. ಅವನು ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದು, ತೆರೆಯ ಸದ್ದನ್ನೂ ಮೀರಿಸಿ ಕೂಗಿದ:

"ನಿಂದು ಬಂತಲ್ಲಾ! ನಂದು ಬರ್ಲಿಲ್ಲ ನೋಡು!"